ಧನಿಷ್ಠೆ ಹಿಡಿದ ಸಂಜೆ

ಆ ದಿನ ಬೆಳಿಗ್ಗೆ ಐದೂವರೆಗೆ ಎದ್ದು ಹಂಡೆಯ ಒಲೆಗೆ ಬೆಂಕಿ ಮಾಡಿದೆ. ಹಾಲು ಕಾಯಿಸಿದೆ. ಮಾವನನ್ನು ಎಡಮಗ್ಗುಲಿಗೆ ಹೊರಳಿಸಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಬೆನ್ನು ಒರೆಸಿ, ಪೌಡರ್ ಹಾಕಿ, ಮತ್ತೆ ಬಲಮಗ್ಗುಲಿಗೆ ಹೊರಳಿಸಿದೆ. ಅವರಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕೈಕಾಲಿನ ಜೊತೆ ಮಾತೂ ಹೋಗಿತ್ತು. ರಾಗಿ ಗಂಜಿಯನ್ನು ಚಮಚದಲ್ಲಿ ಬಾಯಿಗಿಟ್ಟರೆ ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಟವೆಲಿಗೆ. ಆ ದಿನ ಪೂರ್ತಿ ಟವೆಲಿಗೇ ಬಂತು.

ನಾವು ಆಗ ನರಸಿಂಹರಾಜಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮೊಬೈಲ್ ಹೊಸದು, ಸಿಗ್ನಲ್ ಬೇಕಾದರೆ ಬೇಲಿಯ ಹತ್ತಿರ ಹೋಗಿ ನಿಲ್ಲಬೇಕಾಗಿದ್ದ ಕಾಲ. ದೆವ್ವ, ಗಳಿಗೆ, ರಾಹುಕಾಲ ಎಂದರೆ ನನಗೆ ಭಯವಿರಲಿಲ್ಲ ಎಂದರೆ ಸಾಲದು, ತಾತ್ಸಾರವಿತ್ತು. ಈಗಲೂ ಬಹುಪಾಲು ಇದೆ. ಹಾಗಾಗಿ ಮುಂದೆ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಎಂಟು ಗಂಟೆಗೆ ಮನೆಯ ಮಾಲೀಕರು ಬಂದರು, ಕಂಕುಳಲ್ಲಿ ಪಂಚಾಂಗ. ಎದುರು ಮನೆಯಲ್ಲೇ ಇದ್ದವರು, ಎರಡು ತಿಂಗಳಲ್ಲಿ ರೋಗಿಯನ್ನು ನೋಡಲು ಬಂದದ್ದು ಅದೇ ಮೊದಲು. ಬಂದರೂ ರೋಗಿಯನ್ನು ನೋಡಲಿಲ್ಲ. ಮಂಚ ತಾಗಿ ಗೋಡೆಯ ಬಣ್ಣ ಎದ್ದಿದ್ದ ಜಾಗವನ್ನು ನೋಡಿದರು.

"ಗಂಜಿ ಇಳೀತಿದ್ಯಾ?"

"ಇಲ್ಲ."

"ಅದೇ ಮತ್ತೆ. ನೋಡೀಮ್ಮ, ತಪ್ಪು ತಿಳ್ಕೋಬೇಡಿ. ಇವತ್ತು ಸಂಜೆ ಆರು ಐವತ್ತಕ್ಕೆ ಧನಿಷ್ಠೆ ಹಿಡೀತದೆ. ಆಮೇಲೆ ಏನಾದ್ರೂ ಆದ್ರೆ ಆರು ತಿಂಗಳು ಮನೆಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳು ಹಚ್ಚಬೇಕು. ನೀವೂ ಇರೋ ಹಂಗಿಲ್ಲ, ನಾನು ಇನ್ನೊಬ್ರಿಗೆ ಕೊಡೋ ಹಂಗೂ ಇಲ್ಲ."

"ಅದಕ್ಕೆ?"

"ಹಿಂದುಗಡೆ ಸೌದೆ ಕೊಟ್ಟಿಗೆ ಇದೆಯಲ್ಲ. ಒಂದೈದು ದಿನ ಅಲ್ಲಿ ಮಲಗಿಸಿ. ಪಂಚಕ ಕಳೀಲಿ."

ಮಾವನಿಗೆ ಹೋಗಿದ್ದದ್ದು ಮಾತು, ಕಿವಿಯಲ್ಲ. ಆ ಪಂಚಾಂಗವನ್ನೂ ಅಲ್ಲೇ ಸೌದೆಯ ಜೊತೆ ಇಟ್ಟು ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಾನ್ವೆಂಟಿನಲ್ಲಿ ಕಲಿತ ಶಿಸ್ತು, ನುಂಗಿಕೊಂಡೆ. ಗಡ್ಡ ಹೆರೆದುಕೊಳ್ಳುತ್ತಿದ್ದ ನಮ್ಮವರು ಕನ್ನಡಿಯಿಂದ ಮುಖ ತಿರುಗಿಸದೆಯೇ, "ಆಯ್ತು, ಸಂಜೆ ಆರಕ್ಕೆ ಇಬ್ಬರನ್ನ ಕರ್ಕೊಂಡು ಬರ್ತೀನಿ" ಎಂದರು.

ಮಾಲೀಕರು ಹೋದ ಮೇಲೆ ನಾನು, "ಅವರು ನಿಮ್ಮಪ್ಪ" ಎಂದೆ.

"ಗೊತ್ತು ಮಾರಾಯ್ತಿ. ಮನೆ ಬಿಡು ಅಂದ್ರೆ ಎಲ್ಲಿಗೆ ಹೋಗೋದು, ಹೇಳು?"

ಅವರ ಊಟದ ಡಬ್ಬಿ ತುಂಬಿ ಕೈಗಿಟ್ಟೆ. ಮನಸ್ಸಿನಲ್ಲಿದ್ದದ್ದು ಅವರ ಮೇಲಿನ ತಿರಸ್ಕಾರ ಮಾತ್ರ. ಅವರು ಕೊಪ್ಪದ ಬಸ್ಸು ಹತ್ತಿ ಆಫೀಸಿಗೆ ಹೋದರು. ಮಧ್ಯಾಹ್ನ ಮಾಲೀಕರು, ಜನ್ಮದಲ್ಲಿ ಪೊರಕೆ ಮುಟ್ಟದ ಮನುಷ್ಯ, ಪಂಚೆ ಎತ್ತಿ ಕಟ್ಟಿ ಸೌದೆ ಕೊಟ್ಟಿಗೆಯನ್ನು ತಾವೇ ಗುಡಿಸಿದರು. ಕೆಮ್ಮುತ್ತಾ ಗುಡಿಸುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಒಂದು ಲೋಟ ನೀರು ಕೊಡಬೇಕೆಂದು ಅನ್ನಿಸಲಿಲ್ಲ.

ಈ ಧನಿಷ್ಠೆ ನನಗೆ ಚಿಕ್ಕಂದಿನಿಂದ ಗೊತ್ತಿರುವ ನಕ್ಷತ್ರ. ನೆತ್ತಿಯ ಹತ್ತಿರದ ಆಕಾಶದಲ್ಲಿ, ಮೂರು ಬೆರಳಿನಷ್ಟಗಲದ ಜಾಗದಲ್ಲಿ, ವಜ್ರದಾಕಾರಕ್ಕೆ ನಾಲ್ಕು ಮಂಕು ಚುಕ್ಕೆ, ಬಾಲಕ್ಕೆ ಇನ್ನೊಂದು. ನಮ್ಮ ಹಾಸ್ಟೆಲಿನ ಸಿಸ್ಟರ್ ಅದನ್ನು ಡಾಲ್ಫಿನ್ ಮೀನು ಎಂದು ತೋರಿಸಿದ್ದರು. ಹಡಗಿನವರು ಆಸೆಬುರುಕರಾಗಿ ಒಬ್ಬ ಹಾಡುಗಾರನನ್ನು ಸಮುದ್ರಕ್ಕೆ ತಳ್ಳಿದರಂತೆ. ಅವನ ಹಾಡು ಕೇಳಿದ್ದ ಮೀನು ಬೆನ್ನ ಮೇಲೆ ಹೊತ್ತು ದಡ ಸೇರಿಸಿತಂತೆ. ಅದಕ್ಕೇ ದೇವರು ಅದನ್ನು ಮೇಲೆ ಇಟ್ಟ. ಬಾಲ ಬಿಟ್ಟು ಬರೀ ನಾಲ್ಕು ಚುಕ್ಕೆ ನೋಡಿದರೆ ಅದೇ ಬೈಬಲ್ಲಿನ ಯೋಬನ ಶವಪೆಟ್ಟಿಗೆ ಎಂದೂ ಹೇಳಿ ನಮ್ಮನ್ನು ಹೆದರಿಸಿದ್ದರು.

ಮದುವೆಯಾಗಿ ಬಂದ ಮೇಲೆ ಇದನ್ನು ಮಾವನಿಗೆ ಹೇಳಿದರೆ ಅವರು ಒಪ್ಪಲೇ ಇಲ್ಲ. ಪ್ರೈಮರಿ ಶಾಲೆಯ ಮೇಷ್ಟರಾಗಿದ್ದವರು. "ಅದು ಮದ್ದಲೆ ಕಣೇ. ಅಷ್ಟವಸುಗಳ ಮದ್ದಲೆ. ನಿಮ್ಮ ಸಿಸ್ಟರಿಗೆ ಕಣ್ಣು ಮಂಜು" ಎನ್ನುತ್ತಿದ್ದರು. ಆ ವಸುಗಳು ವಸಿಷ್ಠರ ಹಸು ಕದ್ದು ಶಾಪ ತಿಂದವರು ಎಂದು ಹೇಳಿಕೊಟ್ಟದ್ದೂ ಅವರೇ. ಕರೆಂಟು ಹೋದಾಗಲೆಲ್ಲ ಅಂಗಳಕ್ಕೆ ಬಂದು ಮೀನೋ ಮದ್ದಲೆಯೋ ಎಂದು ಒಂಬತ್ತು ವರ್ಷ ಜಗಳವಾಡಿದ್ದೇವೆ. ಹಸುಗಳ್ಳರ ನಕ್ಷತ್ರಕ್ಕೆ ಹೆದರಿ ಅಂಥ ಮಾವನನ್ನು ಸೌದೆಯ ಪಕ್ಕ ಮಲಗಿಸಬೇಕು!

ಸಂಜೆ ಆರಕ್ಕೆ ದೇವರ ದೀಪ ಹಚ್ಚಿ ಅವರ ಕೋಣೆಗೆ ಇಣುಕಿದೆ. ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಕೆಡಿಸುವುದು ಬೇಡವೆಂದು ಮುಟ್ಟಲಿಲ್ಲ, ಕಂಬಳಿಯನ್ನು ಎದೆಯವರೆಗೆ ಎಳೆದು, ಅಂಚು ಮಡಚಿ ಬಂದೆ. ನಮ್ಮವರು ಬರಲಿಲ್ಲ. ಆರೂವರೆಗೆ ಕರೆಂಟು ಹೋಯಿತು, ದಿನದ ಲೋಡ್‌ಶೆಡ್ಡಿಂಗ್. ಗೋಡೆ ಗಡಿಯಾರಕ್ಕೆ ಟಾರ್ಚ್ ಬಿಟ್ಟು ನೋಡುತ್ತಾ ಕೂತೆ. ಆರು ಐವತ್ತು ಬಂತು, ಹೋಯಿತು. ಕೊಟ್ಟಿಗೆ ಖಾಲಿಯೇ ಇತ್ತು. ನಿಜ ಹೇಳಬೇಕೆಂದರೆ, ನನಗೆ ಗೆದ್ದಷ್ಟು ಖುಷಿಯಾಯಿತು.

ಏಳು ಗಂಟೆ ದಾಟಿದ ಮೇಲೆ ಬಸ್ಸಿನ ಸದ್ದೇನಾದರೂ ಕೇಳುತ್ತದೆಯೇ ಎಂದು ಅಂಗಳಕ್ಕೆ ಇಳಿದೆ. ದೀಪಾವಳಿ ಕಳೆದು ಒಂದು ವಾರ, ಅರ್ಧ ಚಂದ್ರ ಇತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾವ ನಿಂತಿದ್ದರು. ಕಂದು ಶಾಲು ಹೊದ್ದು, ತಲೆ ಎತ್ತಿ ಮೇಲೆ ನೋಡುತ್ತಿದ್ದರು. ನನಗೆ ಹೆದರಿಕೆಯಾಗಲಿಲ್ಲ. ಎದ್ದುಬಿಟ್ಟಿದ್ದಾರೆ, ದೇವರೇ, ಎದ್ದುಬಿಟ್ಟಿದ್ದಾರೆ ಎಂಬುದೊಂದೇ ತಲೆಯಲ್ಲಿತ್ತು. ಅವರು ಬಲಗೈ ಎತ್ತಿ, ಲಕ್ವ ಹೊಡೆದಿದ್ದ ಅದೇ ಕೈ, ಒಂದೊಂದೇ ಚುಕ್ಕೆ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಹೇಳಿದ್ದೇ ಸರಿ ಮಗಾ. ಮೀನೇ" ಎಂದರು. ಹೇಳಿ ಜೋರಾಗಿ ನಕ್ಕರು. ನಾನೂ ನಕ್ಕೆ.

ಅವರು ಬರಿಗಾಲಲ್ಲಿದ್ದರು, ನೆಲ ತಣ್ಣಗಿತ್ತು. "ಇಲ್ಲೇ ಇರಿ, ಚಪ್ಪಲಿ ತರ್ತೀನಿ" ಎಂದು ಒಳಗೆ ಓಡಿದೆ. ಚಪ್ಪಲಿ ಅವರ ಮಂಚದ ಕೆಳಗಿತ್ತು. ಬಗ್ಗಿ ಟಾರ್ಚ್ ಬಿಟ್ಟೆ. ಮಂಚದಿಂದ ಅವರ ಕೈ ಇಳಿಬಿದ್ದಿತ್ತು. ಮುಟ್ಟಿದರೆ ಹಂಡೆಯ ತಳದ ರಾತ್ರಿ ನೀರಿನಷ್ಟು ತಣ್ಣಗೆ. ಕಂಬಳಿ ಎದೆಯವರೆಗೆ ಇತ್ತು, ನಾನು ಮಡಚಿದ್ದ ಅಂಚು ಹಾಗೆಯೇ ಇತ್ತು. ಅಂಗಾಲಿಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಕಣ ಮಣ್ಣಿರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು.

ಬಸ್ಸು ಕೆಟ್ಟು ತಡವಾಗಿ ಬಂದ ನಮ್ಮವರು ಎಂಟರ ಹೊತ್ತಿಗೆ ಡಾಕ್ಟರನ್ನು ಕರೆತಂದರು. ಅವರು ಮುಟ್ಟಿ ನೋಡಿ, "ಪ್ರಾಣ ಹೋಗಿ ಎರಡು ಗಂಟೆಗೆ ಕಡಿಮೆ ಇಲ್ಲ. ಆರರ ಒಳಗೇ ಹೋಗಿದ್ದಾರೆ" ಎಂದರು. ಬಾಗಿಲಲ್ಲಿ ನಿಂತಿದ್ದ ಮಾಲೀಕರ ಮುಖ ಅರಳಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. "ಪುಣ್ಯಾತ್ಮರು, ಹೊತ್ತು ನೋಡ್ಕೊಂಡೇ ಹೋದ್ರು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಕೊನೇಲಿ ಯಾವಾಗ ನೋಡಿದ್ದಮ್ಮ?" ಎಂದು ಕೇಳಿದರು.

ನಾನು ಬಾಯಿಬಿಟ್ಟರೆ ಮನೆಗೆ ಬೀಗ. ನಮ್ಮವರು ನೆಲ ನೋಡುತ್ತಿದ್ದರು.

"ಆರು ಗಂಟೆಗೆ. ದೀಪ ಹಚ್ಚುವಾಗ" ಎಂದೆ.

ಅದು ಸುಳ್ಳೋ ನಿಜವೋ ಈ ಹೊತ್ತಿಗೂ ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಮತ್ತೆ ಮೂರು ವರ್ಷ ಇದ್ದೆವು, ಯಾರಿಗೂ ಏನೂ ಆಗಲಿಲ್ಲ. ಪಂಚಕದ ಮೇಲೆ ನನಗೆ ಆಗ ಎಷ್ಟು ಗೌರವವಿತ್ತೋ ಈಗಲೂ ಅಷ್ಟೇ. ದಣಿದಿದ್ದೆ, ಊಟ ಮಾಡಿರಲಿಲ್ಲ, ಕಣ್ಣಿಗೆ ಹಾಗೆ ಕಂಡಿರಬೇಕು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅದೇ ಸಂಜೆ, ಜನ ಸೇರುವ ಮುಂಚೆ, ಬೇಲಿಯಾಚೆ ಮನೆಯ ಗಿರಿಜಕ್ಕ ಫ್ಲಾಸ್ಕಿನಲ್ಲಿ ಕಾಫಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, ಲೋಟಕ್ಕೆ ಬಗ್ಗಿಸುತ್ತಾ ಅಂದರು:

"ಪಾಪ, ಕರೆಂಟ್ ಬರೋಕೆ ಚೂರು ಮುಂಚೆ ಅಂಗಳದಲ್ಲಿ ಎಷ್ಟು ಚೆನ್ನಾಗಿ ನಗಾಡ್ತಿದ್ರು ಮಾರಾಯ್ತಿ. ಮೇಷ್ಟ್ರಿಗೆ ಮಾತು ಬಂತು ಕಾಣ್ತದೆ ಅಂತ ನಮ್ಮನೇಲಿ ಈಗಷ್ಟೇ ಹೇಳ್ತಿದ್ದೆ."