ಬೆಳ್ಳಿ ಬಿಲ್ಲೆಯ ಬೆಟ್ಟ

ಅದು ಬೆಟ್ಟವಾಗಿರಲಿಲ್ಲ. ನಡೆದದ್ದು ಇಷ್ಟೇ, ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಇವತ್ತು ಹುಣಿಸೆಹಣ್ಣು ಹಚ್ಚಿ ದೇವರ ಸಾಮಾನು ಉಜ್ಜುವಾಗ ಆ ಬೆಳ್ಳಿ ಬಿಲ್ಲೆ ಕೈಗೆ ಬಂತು. ಕೈಗೆ ಬಂದಮೇಲೆ ಬಾಯಿ ಸುಮ್ಮನಿರುತ್ತದೆಯೇ, ನೀವೇ ಹೇಳಿ.

ಬಿಲ್ಲೆ ಎಂದರೆ ಹಳೆಯ ನಾಣ್ಯ. ಹುಣಿಸೆಬೀಜಕ್ಕಿಂತ ಒಂದಿಷ್ಟು ಅಗಲ, ದಪ್ಪ, ಸೊಟ್ಟ. ನನ್ನತ್ತೆಗೆ ಹುಲಿಕೆರೆಯ ತವರಿನಿಂದ ಬಂದದ್ದು. ಒಂದು ಬದಿಯಲ್ಲಿ ಅಡ್ಡಗೆರೆಯ ಮೇಲೆ ಅಡ್ಡಗೆರೆ, ಅಕ್ಕಪಕ್ಕ ಚುಕ್ಕಿ, ಥೇಟ್ ಮೆಟ್ಟಿಲು. ಅರಸೀಕೆರೆ ಹತ್ತಿರದ, ಗೋವಿಂದನ ಗುಡಿಯಿರುವ ಮಾಲೇಕಲ್ಲು ಬೆಟ್ಟವೇ ಎಂದು ಮನೆಯವರೆಲ್ಲ ಕೈಮುಗಿಯುತ್ತಿದ್ದರು.

ನನ್ನ ಗಂಡ ಮಗುವಾಗಿದ್ದಾಗ ಜ್ವರದಿಂದ ಉಳಿದದ್ದಕ್ಕೆ, ಬದುಕಿರುವತನಕ ವರ್ಷಕ್ಕೊಮ್ಮೆ ಆ ಬೆಟ್ಟ ಹತ್ತುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರು. ಮೊದಲು ಮಂಡಿ ಹೋಯಿತು, ಆಮೇಲೆ ಕಣ್ಣು. ಆಗ ಬಿಲ್ಲೆಯ ಮೇಲೆ ಹತ್ತತೊಡಗಿದರು. ಬೆಳಗಿನ ಜಾವ ದೀಪದ ಮುಂದೆ ಕೂತು, ಹೆಬ್ಬೆರಳ ಉಗುರನ್ನು ಗೆರೆಯಿಂದ ಗೆರೆಗೆ ಎತ್ತಿಡುತ್ತಾ, ಗೋವಿಂದ, ಗೋವಿಂದ ಅನ್ನುತ್ತಾ. ನಡುನಡುವೆ ನನಗೆ ವರದಿ: "ಮಂಟಪ ದಾಟ್ದೆ ಕಣೇ. ಗಾಳಿ ಬತ್ತೈತೆ. ಅಗೋ, ಕೆಳಗೆ ರೈಲು, ಹುಳದಂಗೆ." ಒಲೆ ಮುಂದಿದ್ದ ನನಗೂ ಕತ್ತಿನ ಹಿಂದೆ ತಣ್ಣಗೆ ಸುಳಿದಂತಾಗಿ ಎಷ್ಟೋ ಸಲ ಮುದ್ದೆ ಗಂಟಾಗಿದೆ. ದೇವರು ದಿಂಡರು ಎಂದರೆ ನಗುವವಳು ನಾನು. ಆ ಗಾಳಿ ಎಲ್ಲಿಯದೋ, ಇವತ್ತಿಗೂ ಗೊತ್ತಿಲ್ಲ.

ಅರಸೀಕೆರೆಯಲ್ಲಿ ರೈಲಿನ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಿದ್ದ ಕಾಲ. ಅಲ್ಲಿ ರೈಲ್ವೆ ಕೆಲಸದಲ್ಲಿದ್ದ ನನ್ನ ತಮ್ಮನಿಗೆ ಹಳೇ ನಾಣ್ಯದ ಹುಚ್ಚು. ಹಳೇಬೀಡಿನ ನಮ್ಮ ಮನೆಗೆ ಬಂದವನು ಬಿಲ್ಲೆಯನ್ನು ಜಗಲಿಯ ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದ.

"ಬೆಟ್ಟ ಅಲ್ಲ ಕಣಕ್ಕ. ಬೆಂಕಿ ಪೂಜೆ ಮಾಡೋ ಕಟ್ಟೆ ಇದು. ಹಿಂದ್ಗಡೆ ರಾಜನ ಮುಖ. ಗುಜರಾತ್ ಕಡೇದು, ಬೇಲೂರು ಗುಡಿಯಷ್ಟು ಹಳೇದು."

"ಮುಖ ಎಲ್ಲೈತೋ? ಬರೀ ಚುಕ್ಕಿ."

"ಒಬ್ಬನ ಅಚ್ಚು ನೋಡಿ ಇನ್ನೊಬ್ಬ ಕೊರೆದ, ಅವನದ್ದು ನೋಡಿ ಮತ್ತೊಬ್ಬ. ಹಂಗೇ ಕೆಟ್ಟೋಯ್ತು."

ಅದು ನನಗೆ ಅರ್ಥವಾಯಿತು. ಅತ್ತೆಯ ನವಿಲು ರಂಗೋಲಿ ನನ್ನ ಕೈಗೆ ಬಂದು ಕೋಳಿಯಾಗಿತ್ತು, ನನ್ನ ಮಗಳ ಕೈಯಲ್ಲಿ ಹೂಜಿ. ತಮ್ಮ ಬಿಲ್ಲೆಯನ್ನು ಮಗುಚಿ ಅಡ್ಡ ತಿರುಗಿಸಿದ. ಚುಕ್ಕಿ ತೇಲಿಬಂದು ಮೂಗಾಯಿತು, ಕಣ್ಣಾಯಿತು. ಯಾರೋ ನೀರೊಳಗಿಂದ ನೋಡಿದಂತೆ.

"ಏನಂತಾನೆ ನಿನ್ ತಮ್ಮ?" ಒಳಗಿನಿಂದ ಅತ್ತೆ.

ಬೇಡ ಎಂದು ತಮ್ಮ ಕಣ್ಸನ್ನೆ ಮಾಡಿದ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಇದ್ದದ್ದನ್ನು ಹೇಳಿಬಿಟ್ಟೆ.

ಅತ್ತೆ ಬಿಲ್ಲೆ ಈಸಿಕೊಂಡು ಮುಖದ ಬದಿ ಸವರಿದರು. "ಪಾಪ, ಯಾರ್ ಹೆತ್ತ ಮಗನೋ. ಮೂಗೇ ಸವೆದೋಗೈತೆ." ನಕ್ಕರು. ಆಮೇಲೆ ಮೆಲ್ಲಗೆ, "ಹಂಗಾದ್ರೆ ಇಷ್ಟು ವರ್ಷ ನಾನು ಹತ್ತೇ ಇಲ್ಲ. ಹರಕೆ ಹಂಗೇ ನಿಂತೈತೆ. ನನ್ ಮಗನ ಗತಿ?"

"ನಿಮ್ಮ ಮಗನಿಗೆ ಏನಾಗೈತೆ ಅತ್ತೆಮ್ಮ? ಹೊಟ್ಟೆ ಬಂದೈತೆ, ಅಷ್ಟೇಯ."

ನಗಲಿಲ್ಲ. ಬಿಲ್ಲೆಯನ್ನು ನನ್ನ ಕೈಗಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಮಾಲೇಕಲ್ಲಿಗೆ ಹೋದೆ. ಹತ್ತುತ್ತಿರುವುದು ಯಾರ ಪರವಾಗಿ ಎಂದು ಆ ದೇವರಿಗೆ ಗೊಂದಲವಾಗಬಾರದಲ್ಲ. ಸೊಸೆಯಾಗಿ ಬಂದಂದಿನಿಂದ ಒಮ್ಮೆಯೂ ಬಾಯಲ್ಲಿ ಆಡದ ಅತ್ತೆಯ ಹೆಸರನ್ನು ಗಟ್ಟಿಯಾಗಿ ಹೇಳಿ ಮೊದಲನೇ ಮೆಟ್ಟಿಲು ಹತ್ತಿದೆ. ನಂಜಮ್ಮ. ಎರಡನೆಯದಕ್ಕೂ ಅದೇ. ನಂಜಮ್ಮ.