ಕೆಂಪು ಬೊಟ್ಟಿನ ಲೋಟಗಳು

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ಹೆಸರು ಬೇಡ, ಹೇಳಿದರೆ ನಾಳೆ ನಾಲ್ಕು ಜನ ನನ್ನ ಬಾಗಿಲಿಗೆ ಬರುತ್ತಾರೆ. ಎದುರು ಮನೆಯ ಮಾದು ಎಪ್ಪತ್ತು ದಾಟಿದವರು. ಕೂಲಿ ಮಾಡಿ ಮಗನನ್ನು ಓದಿಸಿದರು. ಈಗ ಸೊಸೆ ಸಂಘಮಿತ್ರಾ ಮನೆಯಲ್ಲೇ ಮೇಣದಬತ್ತಿ ಮಾಡುತ್ತಾಳೆ, ಮಾವ ಅದಕ್ಕೆ ಗಾಜು ಸಿದ್ಧ ಮಾಡಿಕೊಡುತ್ತಾರೆ. ಮುದುಕರಿಗೆ ಹೊತ್ತು ಹೋಗಲಿ ಎಂದು ಕೊಟ್ಟ ಕೆಲಸವಲ್ಲ ಅದು. ಉಪ್ಪಿನಕಾಯಿ ಬಾಟಲಿ, ಜಾಮ್ ಬಾಟಲಿಗಳನ್ನು ಬಿಸಿನೀರಲ್ಲಿ ನೆನೆಹಾಕಿ ಚೀಟಿ ಕೀಳಬೇಕು, ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು, ಬಿರುಕು ಬಿಟ್ಟಿದೆಯೇ ಎಂದು ತಟ್ಟಿ ಕೇಳಬೇಕು. ತೊಳೆದ ಮೇಲೆ ಒಂದು ಹನಿ ನೀರು ಉಳಿದರೂ ಬತ್ತಿ ಚಟಚಟ ಅನ್ನುತ್ತದೆ. ಮೇಣ ಹೊಯ್ಯುವ ಮುಂಚೆ ಗಾಜು ಬೆಚ್ಚಗಿರಬೇಕು, ಇಲ್ಲದಿದ್ದರೆ ಸೀಳುತ್ತದೆ. ಮಾದು ಇದನ್ನೆಲ್ಲ ಎಲೆಯಡಿಕೆ ಜಗಿಯುತ್ತ, ಗೊಣಗುತ್ತ ಮಾಡುತ್ತಾರೆ.

ಈ ಸಲ ಬುದ್ಧ ಪೂರ್ಣಿಮೆಗೆ ನಂಜನಗೂಡಿನ ಕಡೆಯ ಒಂದು ವಿಹಾರದವರು ದಪ್ಪ ಗಾಜಿನ ಲೋಟದಲ್ಲೇ ದೀಪ ಬೇಕೆಂದು ಹೇಳಿಕಳಿಸಿದರು. ಸಂಘಮಿತ್ರಾ ಹಿಂದುಮುಂದು ನೋಡದೆ ಒಪ್ಪಿಬಿಟ್ಟಳು. ಅದು ಅವಳಿಗೆ ಸಿಕ್ಕ ಮೊದಲ ದೊಡ್ಡ ಆರ್ಡರು. ಲೋಟಕ್ಕೆ ಎಲ್ಲಿ ಹೋಗುವುದು? ಆಗ ಸಿಕ್ಕಿದವನು ಅಮೃತೇಶ. ಬಸ್ ಸ್ಟಾಪಿನ ಹತ್ತಿರ ಅವರಪ್ಪ ನಡೆಸುತ್ತಿದ್ದ ಹೋಟೆಲನ್ನು ಒಡೆಸಿ ಅಂಗಡಿ ಕಟ್ಟಿಸುತ್ತಿದ್ದಾನೆ. ಅಟ್ಟದ ಮೇಲೆ ಒಂದು ಮೂಟೆ ಹಳೇ ಲೋಟ ಇದ್ದವು ಎಂದು ಸ್ಕೂಟರಿನಲ್ಲಿ ತಂದಿಳಿಸಿ ಹೋದ.

ಮಾದು ಮೂಟೆ ಬಿಚ್ಚಿ ಒಂದು ಲೋಟವನ್ನು ತಿರುವಿ ನೋಡಿದರು. ತಳದಲ್ಲಿ ಕೆಂಪು ಬಣ್ಣದ ಬೊಟ್ಟು. ಇನ್ನೊಂದಕ್ಕೂ ಇತ್ತು, ಎಲ್ಲಕ್ಕೂ ಇತ್ತು. ಲೋಟ ಕೆಳಗಿಟ್ಟು ಜಗುಲಿಗೆ ಹೋಗಿ ಕೂತರು.

ಏನಾಯಿತೆಂದು ಸೊಸೆ ಕೇಳಿದಾಗ ಹೇಳಿದರು. ಆ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಲೋಟ ಬೇರೆ, ಹಿತ್ತಲ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ತಾವೇ ತೆಗೆದು ಹಿಡಿಯಬೇಕು, ಮೇಲಿನಿಂದ ಟೀ ಹೊಯ್ಯುತ್ತಿದ್ದರು. ಕುಡಿದು ತಾವೇ ತೊಳೆದು ಗೂಡಿಗೆ ಇಡಬೇಕು. ಒಳಗಿನ ಲೋಟಗಳ ಜೊತೆ ಬೆರೆಯದಿರಲಿ ಎಂದು ಆ ಬೊಟ್ಟು. ಟೀಯ ಕಾಸು ಮಾತ್ರ ಎಲ್ಲರಿಗೂ ಒಂದೇ, ಅದಕ್ಕೆ ಮೈಲಿಗೆ ಇರಲಿಲ್ಲ.

ಬೊಟ್ಟಿಗೆ ಥಿನ್ನರ್ ಹಾಕಿದರೆ ಹೋಗುತ್ತದೆ, ತೊಳೆಯುವುದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಳು ಸಂಘಮಿತ್ರಾ. ಮಾದುಗೆ ಸಿಟ್ಟು ಬಂದದ್ದು ಆಗ.

“ನಾನೂ ತೊಳ್ಯಾಕಿಲ್ಲ, ನೀನೂ ತೊಳೀಬ್ಯಾಡ ಕನವ್ವ. ಈ ಲೋಟ ತೊಳ್ದಿದ್ದು ಸಾಕು ನಮ್ಗೆ. ಕೊಟ್ಟೋರು ತೊಳ್ದು ಕೊಡ್ಲಿ.”

ಪೂರ್ಣಿಮೆ ಹತ್ತಿರ ಬರುತ್ತಿತ್ತು, ಬೇರೆ ಲೋಟ ಸಿಗಲಿಲ್ಲ. ಆರ್ಡರು ಬಿಟ್ಟರೆ ವಿಹಾರದವರು ಮತ್ತೆ ಕರೆಯುವುದಿಲ್ಲ, ಮಾವನ ಮನಸ್ಸು ನೋಯಿಸಿ ಬುದ್ಧನಿಗೆ ದೀಪ ಹಚ್ಚಿ ಏನು ಬಂತು. ಕೊನೆಗೆ ಸಂಘಮಿತ್ರಾ ಮೂಟೆಯನ್ನು ಆಟೋಗೆ ಹಾಕಿಕೊಂಡು ಅಮೃತೇಶನ ಮನೆಗೇ ಹೋದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ತೊಳೆದು ತಂದರೆ ತಗೊಳ್ಳುತ್ತೇವೆ ಎಂದು ಇಟ್ಟು ಬಂದಳು. ಬೊಟ್ಟಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲವಂತೆ. ಇರಬಹುದು. ಗೊತ್ತಿಲ್ಲದೆ ಇರುವುದು ಕೆಲವರಿಗೆ ಬಲು ಸಲೀಸು.

ಅವನು ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಬಂದ. ಬೊಟ್ಟು ಅಳಿಸಿ, ಒರೆಸಿ, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ತಂದಿದ್ದ. ಕೆಲಸದವರ ಕೈಲಿ ಮಾಡಿಸಲಿಲ್ಲ ಮಾದಣ್ಣ, ನಾನೇ ತೊಳೆದೆ ಎಂದ. ಮಾದು ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಕೊನೆಯದನ್ನು ಮಾತ್ರ ಅವನ ಮುಂದೆ ಚಾಚಿದರು.

“ಇದ್ರಲ್ಲಿ ಜಿಡ್ಡದೆ ಅಮೃತೇಶಪ್ಪ. ಇನ್ನೊಂದ್ಸಲ ತೊಳೀರಿ.”

ಅಮೃತೇಶ ಪ್ಯಾಂಟು ಮಡಚಿಕೊಂಡು ಮಾದು ಮನೆಯ ಅಂಗಳದ ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ, ಕೇರಿಯವರೆಲ್ಲ ನೋಡುತ್ತಿರುವಾಗ ತೊಳೆದ. ಮಾದು ಅವನ ಕೈಯನ್ನೇ ನೋಡುತ್ತ ನಿಂತಿದ್ದರು, ಅವರ ಕಣ್ಣು ತುಂಬಿ ಬಂದಿತ್ತು. ನಾನು ಪಕ್ಕದಲ್ಲೇ ಇದ್ದೆ. ಆ ಲೋಟದಲ್ಲಿ ಜಿಡ್ಡೇನೂ ಇರಲಿಲ್ಲ.