ಸೂಜಿಯಿಲ್ಲದ ದಿನ

ಮಕ್ಕಳಾಗಲೆಂದು ಚಿಕಿತ್ಸೆ ಪಡೆಯುತ್ತಿದ್ದ ನನಗೆ ಗೋಕಾಕದ ದವಾಖಾನೆಯೊಂದರಲ್ಲಿ ಸೂಜಿ ಮಾಡುತ್ತಿದ್ದ ಸಿಸ್ಟರ್ ಅವರ ಕುರಿತು ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಅವರು ಸೂಜಿಗೆ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ಗಡಿಬಿಡಿ ಬ್ಯಾಡ್ರಿ ಬಾಯಾರ" ಎಂಬುದು ಅವರ ನಿತ್ಯದ ಮಾತು.

ಒಮ್ಮೆ ಮನೆಯಲ್ಲಿಯೇ ಮೂತ್ರ ಪರೀಕ್ಷಿಸಿದಾಗ ಎರಡು ಗೆರೆ ಮೂಡಿದವು. ಅತ್ತೆಯವರು ಹುಕ್ಕೇರಿಯ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿ, ಸಿಸ್ಟರ್ ಅವರಿಗೂ ಪೇಡೆ ತಂದರು.

"ತಿನ್ರಿ! ಸೊಸಿ ಸೀಮಂತದ ಕುಬಸಕ್ಕ ನೀವ ಮೊದಲ ಬರಬೇಕ ನೋಡ್ರಿ."

ಸಿಸ್ಟರ್ ಪೇಡೆಯನ್ನು ಕೈಯಲ್ಲೇ ಹಿಡಿದರು. "ಗಡಿಬಿಡಿ ಬ್ಯಾಡ್ರಿ ಬಾಯಾರ. ನಾ ಮಾಡಿದ ಸೂಜ್ಯಾಗ ಬಸಿರಿನ ಹಾರ್ಮೋನ್ ಐತಿ. ಅದು ಮೈಯಾಗ ಇರೋತನಕ ಹಿಂಗ ಗೆರಿ ಬೀಳ್ತಾವ. ಎರಡ ಸಲ ರಕ್ತ ತಗದು, ಅದು ಏರತೈತೋ ಇಳೀತೈತೋ ನೋಡೂಣು."

ಎರಡನೆಯ ಸಲದ ರಕ್ತ ಪರೀಕ್ಷೆಯ ವರದಿ ಮರುದಿನ ಬಂದಾಗ ಆ ಹಾರ್ಮೋನ್ ಇಳಿದುಹೋಗಿತ್ತು, ಗರ್ಭ ನಿಂತಿರಲಿಲ್ಲ. ಅಂದು ನನಗೆ ಯಾವ ಸೂಜಿಯೂ ಇರಲಿಲ್ಲ. ಆದರೂ ಸಿಸ್ಟರ್ ಅಂಗೈಗಳನ್ನು ಉಜ್ಜಿಕೊಂಡು ಬಂದು ನನ್ನ ಕೈ ಹಿಡಿದರು.